ಗೆಳೆಯ ಹೇಳಿದ್ದು ಸರಿಯೇ? ಅಂಕಿಯನ್ನು ಕೇಳಿ

ಪರೀಕ್ಷೆ ಹತ್ತಿರ ಬಂತೆಂದರೆ ಬಿಟಿಎಂ ಲೇಔಟಿನ ಪಿಜಿ ಕೋಣೆಗಳಲ್ಲಿ, ಬಾಡಿಗೆ ಮನೆಗಳ ಟೆರೇಸುಗಳಲ್ಲಿ ‘ಕಂಬೈನ್ಡ್ ಸ್ಟಡಿ’ ಶುರುವಾಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರು ಹೊತ್ತ ಈ ಬಡಾವಣೆಗೆ ಓದಲೆಂದು ಊರೂರಿನಿಂದ ಮಕ್ಕಳು ಬರುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ವಿಜ್ಞಾನ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳಬೇಕಾದವರೂ ಅವರಲ್ಲಿದ್ದಾರೆ. ಹೆತ್ತವರಿಗೆ ಮಾತ್ರ ಈ ಕಂಬೈನ್ಡ್ ಸ್ಟಡಿಯ ಮೇಲೆ ಸದಾ ಅನುಮಾನ: ಓದು ಕಾಲು ಪಾಲು, ಹರಟೆ ಮುಕ್ಕಾಲು. ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಆದರೆ ಫಸ್ಟ್ ಪಿಯುಸಿ ರಸಾಯನಶಾಸ್ತ್ರದ ಒಂದು ಅಧ್ಯಾಯವಂತೂ ಜೊತೆಯಲ್ಲಿ ಕೂತು ಓದಲೆಂದೇ ಬರೆದಂತಿದೆ. ಅದು ಆವರ್ತ ಕೋಷ್ಟಕದ ಪ್ರವೃತ್ತಿಗಳು, ವಿದ್ಯಾರ್ಥಿಗಳ ಬಾಯಲ್ಲಿ ‘ಪೀರಿಯಾಡಿಕ್ ಟ್ರೆಂಡ್ಸ್’. ಅದನ್ನು ಗುಂಪಿನಲ್ಲಿ ಓದಿದರೆ ಒಬ್ಬರೇ ಓದಿದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಷರತ್ತು ಒಂದೇ: ಗುಂಪಿನಲ್ಲಿ ಕೊನೆಯ ಮಾತು ಜಾಣ ಗೆಳೆಯನದಾಗಬಾರದು, ಅಳೆದು ಪಡೆದ ಅಂಕಿಯದಾಗಬೇಕು.

ಈ ಅಧ್ಯಾಯದ ಸ್ವಭಾವವೇ ಹಾಗಿದೆ. ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಕುಗ್ಗುತ್ತದೆ, ಅಯಾನೀಕರಣ ಶಕ್ತಿ (ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ) ಏರುತ್ತದೆ. ಕೋಷ್ಟಕದ ಗುಂಪಿನಲ್ಲಿ ಮೇಲಿನಿಂದ ಕೆಳಗೆ ಬಂದಂತೆ ಇವು ತಿರುಗುಮುರುಗಾಗುತ್ತವೆ. ಗೈಡುಗಳು ಇದನ್ನು ನಾಲ್ಕು ಬಾಣದ ಗುರುತುಗಳಲ್ಲಿ ಮುಗಿಸಿಬಿಡುತ್ತವೆ. ಬಾಣಗಳ ಹಿಂದಿರುವ ಕಾರಣಗಳಾದರೂ ಮುಖ್ಯವಾಗಿ ಮೂರೇ. ಬೀಜಕೇಂದ್ರದಲ್ಲಿ ಎಷ್ಟು ಧನಾವೇಶವಿದೆ, ಹೊರಗಿನ ಎಲೆಕ್ಟ್ರಾನ್ ಅದರಿಂದ ಎಷ್ಟು ದೂರದಲ್ಲಿದೆ, ನಡುವಿನ ಎಲೆಕ್ಟ್ರಾನುಗಳು ಆ ಸೆಳೆತವನ್ನು ಎಷ್ಟರಮಟ್ಟಿಗೆ ಮರೆಮಾಡುತ್ತವೆ. ಇದಕ್ಕೆ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಸೇರಿಸಿಕೊಂಡರೆ ನಿಯಮಕ್ಕೂ ಅಪವಾದಕ್ಕೂ ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ. ಕಾರಣ ಕಡಿಮೆ, ಪರಿಣಾಮ ನೂರಾರು, ಮತ್ತು ಪ್ರತಿ ಪರಿಣಾಮಕ್ಕೂ ಪ್ರಯೋಗಾಲಯದಲ್ಲಿ ಅಳೆದ ಒಂದು ಸಂಖ್ಯೆ. ವಾದ ಮಾಡಲು ಇದಕ್ಕಿಂತ ಒಳ್ಳೆಯ ವಸ್ತು ಯಾವುದಿದೆ? ಇತಿಹಾಸದ ಪಾಠದಲ್ಲಿ ಇಬ್ಬರಿಗೆ ಭಿನ್ನಾಭಿಪ್ರಾಯ ಬಂದರೆ ಮೇಷ್ಟರ ಬಳಿ ಹೋಗಬೇಕಾದೀತು. ಇಲ್ಲಿ ಪುಟ ತಿರುವಿ ಪಟ್ಟಿ ನೋಡಿದರೆ ಸಾಕು.

ಗೆಳೆಯರು ಪ್ರಶ್ನೆ ಕೇಳಿದರೆ ಲಾಭವೇನು? ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪಠ್ಯವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಚೆನ್ನಾಗಿ ನೆನಪಿತ್ತು. ಒಂದು ವಾರದ ನಂತರ ಲೆಕ್ಕ ತಲೆಕೆಳಗಾಯಿತು: ಬರೆದು ನೋಡಿದ್ದು ಶೇ. 56ರಷ್ಟು ಉಳಿದಿತ್ತು, ಬರೀ ಓದಿದ್ದು ಶೇ. 42ರಷ್ಟು. ಗೆಳತಿಯೊಬ್ಬಳು ‘ಪುಸ್ತಕ ಮುಚ್ಚಿ ಹೇಳೇ’ ಎನ್ನುವುದು ಇದೇ ಕೆಲಸ. ಆದರೆ ಗುಂಪಿಗೆ ಇನ್ನೊಂದು ಮುಖವೂ ಇದೆ. ಹಲವರು ಒಟ್ಟಿಗೆ ಕೂತು ನೆನಪಿಸಿಕೊಂಡರೆ, ಅಷ್ಟೇ ಜನ ಬೇರೆಬೇರೆ ಕೂತು ನೆನಪಿಸಿಕೊಂಡದ್ದರ ಒಟ್ಟು ಮೊತ್ತಕ್ಕಿಂತ ಕಡಿಮೆಯೇ ಹೊರಬರುತ್ತದೆ ಎಂಬುದು 1990ರ ದಶಕದಿಂದ ಮತ್ತೆಮತ್ತೆ ಕಂಡ ಸಂಗತಿ. ಒಬ್ಬ ಬಾಯಿಬಿಟ್ಟ ಕ್ಷಣ ಇನ್ನೊಬ್ಬನ ನೆನಪಿನ ದಾರಿ ತಪ್ಪುತ್ತದೆ. ಹೀಗಾಗಿ ಮೊದಲು ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು, ಆಮೇಲೆ ಬಾಯಿ ತೆರೆಯಬೇಕು. ಈ ಕ್ರಮ ತಪ್ಪಿದರೆ ಕಂಬೈನ್ಡ್ ಸ್ಟಡಿ ಒಬ್ಬನ ಭಾಷಣವಾಗುತ್ತದೆ, ಉಳಿದವರು ತಲೆಯಾಡಿಸುತ್ತಾರೆ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಯಾರಿಗೂ ಸರಿಯಾಗಿ ಗೊತ್ತಿಲ್ಲದಿದ್ದರೆ? ಕುರುಡ ಕುರುಡನಿಗೆ ದಾರಿ ತೋರಿದಂತಾಗುವುದಿಲ್ಲವೇ? ಈ ಭಯಕ್ಕೆ ಆಧಾರವೂ ಇದೆ. ಅಯಾನೀಕರಣ ಶಕ್ತಿಯ ಬಗ್ಗೆ ವಿದ್ಯಾರ್ಥಿಗಳು ಏನೆಂದುಕೊಂಡಿದ್ದಾರೆ ಎಂಬುದನ್ನು ಇಂಗ್ಲೆಂಡಿನ ಕೀತ್ ಟೇಬರ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ‘ಎಂಟು ಎಲೆಕ್ಟ್ರಾನ್ ತುಂಬಿದರೆ ಸ್ಥಿರತೆ, ಅದಕ್ಕಾಗಿಯೇ ಪರಮಾಣು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ’ ಎಂಬ ನಂಬಿಕೆ ಅವರಿಗೆ ಎಲ್ಲೆಡೆ ಕಂಡಿತು. ಸಿಂಗಪುರದ ವಿದ್ಯಾರ್ಥಿಗಳಲ್ಲೂ ಇಂಥವೇ ತಪ್ಪುಗಳು ಸಿಕ್ಕವು. ಗುಂಪಿನ ನಾಲ್ವರಿಗೂ ಒಂದೇ ತಪ್ಪು ತಿಳಿವಳಿಕೆಯಿದ್ದರೆ ಚರ್ಚೆಯಿಂದ ಅದು ಕರಗದು, ಗಟ್ಟಿಯೇ ಆದೀತು. ಅಂಕಿ ಬೇಕಾಗುವುದು ಇಲ್ಲಿಯೇ. ಅನಿಲ ಸ್ಥಿತಿಯ ಸೋಡಿಯಂ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 496 ಕಿಲೋಜೂಲ್ ಶಕ್ತಿಯನ್ನು ನಾವೇ ಕೊಡಬೇಕು. ಕ್ಲೋರಿನ್ ಪರಮಾಣು ಎಲೆಕ್ಟ್ರಾನನ್ನು ಪಡೆದಾಗ ಹೊರಬರುವುದು 349 ಕಿಲೋಜೂಲ್ ಮಾತ್ರ. ಇಬ್ಬರ ಲೆಕ್ಕ ಸೇರಿಸಿದರೂ 147 ಕಿಲೋಜೂಲ್ ಸಾಲ ಉಳಿಯುತ್ತದೆ. ಎರಡಕ್ಕೂ ಎಂಟೆಂಟು ಎಲೆಕ್ಟ್ರಾನ್ ತುಂಬಿದ್ದರಿಂದಲೇ ಉಪ್ಪು ಹುಟ್ಟಿತು ಎನ್ನುವ ಕಥೆ ಈ ಸಾಲದ ಮುಂದೆ ನಿಲ್ಲುವುದಿಲ್ಲ. ಸಾಲ ತೀರುವುದು ವಿರುದ್ಧ ಆವೇಶದ ಅಯಾನುಗಳು ಹತ್ತಿರ ಬಂದು ಹರಳಾಗಿ ಜೋಡಣೆಗೊಂಡಾಗ. ಆಗ ಹೊರಬರುವ ಶಕ್ತಿ 780 ಕಿಲೋಜೂಲಿಗೂ ಹೆಚ್ಚು. ಎರಡು ಕೂಡಿಸುವ, ಒಂದು ಕಳೆಯುವ ಲೆಕ್ಕ. ಯಾವ ಪಿಜಿ ಕೋಣೆಯಲ್ಲಾದರೂ ಮಾಡಬಹುದು.

ಗೊತ್ತಿಲ್ಲದವರ ಚರ್ಚೆ ವ್ಯರ್ಥವೆಂಬ ಮಾತಿಗೂ ಉತ್ತರವಿದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯಲ್ಲಿ ಮಿಷೆಲ್ ಸ್ಮಿತ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ವಿದ್ಯಾರ್ಥಿಗಳು ಒಂದು ಪ್ರಶ್ನೆಗೆ ಮೊದಲು ಒಬ್ಬೊಬ್ಬರೇ ಉತ್ತರಿಸಿದರು, ಪಕ್ಕದವರೊಂದಿಗೆ ಚರ್ಚಿಸಿದರು, ಬಳಿಕ ಅದೇ ತತ್ವದ ಹೊಸ ಪ್ರಶ್ನೆಗೆ ಮತ್ತೆ ಒಬ್ಬೊಬ್ಬರೇ ಉತ್ತರಿಸಿದರು. ಸಾಧನೆ ಸುಧಾರಿಸಿತ್ತು. ಆರಂಭದಲ್ಲಿ ಯಾರಿಗೂ ಸರಿಯುತ್ತರ ಗೊತ್ತಿರದ ಗುಂಪುಗಳಲ್ಲೂ ಸುಧಾರಣೆ ಕಂಡಿತು. ಜಾಣನ ಉತ್ತರವನ್ನು ಉಳಿದವರು ನಕಲು ಮಾಡಿದ್ದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ತನ್ನ ಕಾರಣವನ್ನು ಇನ್ನೊಬ್ಬರಿಗೆ ಒಪ್ಪಿಸಲು ಹೊರಟಾಗ ಅದರ ಬಿರುಕು ತನಗೇ ಕಾಣುತ್ತದೆ. ‘ನ್ಯೂಕ್ಲಿಯರ್ ಚಾರ್ಜ್ ಇನ್‌ಕ್ರೀಸಸ್’ ಎಂದು ಉರು ಹೊಡೆದವನಿಗೆ ‘ಸರಿ, ಹಾಗಾದ್ರೆ ಏನಾಯ್ತು?’ ಎಂದು ಗೆಳೆಯ ಕನ್ನಡದಲ್ಲಿ ಕೇಳಿದರೆ, ಸೆಳೆತ ಎಂದರೇನು, ಯಾವುದು ಯಾವುದನ್ನು ಎಳೆಯುತ್ತದೆ ಎಂದು ಬಿಡಿಸಿ ಹೇಳಲೇಬೇಕಾಗುತ್ತದೆ.

ನೈಟ್ರೋಜನ್ ಮತ್ತು ಆಕ್ಸಿಜನ್ನಿನ ಜಗಳವನ್ನೇ ನೋಡಿ. ಆಕ್ಸಿಜನ್ ಬಲಕ್ಕಿದ್ದರೂ ಅದರ ಅಯಾನೀಕರಣ ಶಕ್ತಿ ಕಡಿಮೆ. ‘ನೈಟ್ರೋಜನ್ನಿನದು ಅರ್ಧ ತುಂಬಿದ ಕಕ್ಷಕ, ಅದು ವಿಶೇಷ ಸ್ಥಿರ’ ಎಂಬುದು ಜನಪ್ರಿಯ ಉತ್ತರ. ಸಾಲಾಗಿ ಅಂಕಿ ಬರೆಯಿರಿ: ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2081. ನೈಟ್ರೋಜನ್ ನಿಜಕ್ಕೂ ವಿಶೇಷವಾಗಿದ್ದರೆ ಅದರ ಬಿಂದು ಗ್ರಾಫಿನಲ್ಲಿ ಮೇಲಕ್ಕೆ ನೆಗೆಯಬೇಕಿತ್ತು. ಬೋರಾನಿನಿಂದ ನೈಟ್ರೋಜನ್‌ವರೆಗಿನ ಬಿಂದುಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿವೆ. ಕೆಳಗೆ ಜಾರಿರುವುದು ಆಕ್ಸಿಜನ್. ಅಲ್ಲಿಂದ ನಿಯಾನ್‌ವರೆಗೆ ಗೆರೆ ಮತ್ತೆ ಏರುತ್ತದೆ, ಆದರೆ ಒಂದು ಮೆಟ್ಟಿಲು ಕೆಳಗಿನಿಂದ. ಅಂದರೆ ವಿಶೇಷ ನಡೆದಿರುವುದು ಆಕ್ಸಿಜನ್ನಿನಲ್ಲಿ: ಅದರ ನಾಲ್ಕನೆಯ ಪಿ ಎಲೆಕ್ಟ್ರಾನ್, ಈಗಾಗಲೇ ಒಂದಿರುವ ಕಕ್ಷಕದಲ್ಲೇ ಜೊತೆಯಾಗಬೇಕು, ವಿಕರ್ಷಣೆ ಹೆಚ್ಚುತ್ತದೆ, ಕೀಳುವುದು ಸುಲಭವಾಗುತ್ತದೆ. ಪಠ್ಯಪುಸ್ತಕ ಕೊಡುವ ಕಾರಣವೂ ಇದೇ.

ವಾದವನ್ನು ಅಂಕಿಯಿಂದ ತೀರಿಸುವುದು ಆವರ್ತ ಕೋಷ್ಟಕದ ಹುಟ್ಟುಗುಣ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೆಂಡಲೀವ್ ಅದನ್ನು ರೂಪಿಸಿದ್ದು 1869ರಲ್ಲಿ, ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದ ಕಾಲದಲ್ಲಿ. ಅಲ್ಯೂಮಿನಿಯಂ ಕೆಳಗೆ ಖಾಲಿ ಬಿಟ್ಟ ಜಾಗಕ್ಕೆ ‘ಏಕ-ಅಲ್ಯೂಮಿನಿಯಂ’ ಎಂದು ಹೆಸರಿಟ್ಟು, ಅದರ ಸಾಂದ್ರತೆ 5.9 ಇರಬೇಕೆಂದು ಆತ ಹೇಳಿದ್ದ. 1875ರಲ್ಲಿ ಫ್ರಾನ್ಸಿನ ಲೆಕೊಕ್ ದ ಬೋಯ್ಸ್‌ಬೋದ್ರಾನ್ ಗ್ಯಾಲಿಯಂ ಕಂಡುಹಿಡಿದು, ಅಳೆದು 4.7 ಎಂದ. ಆ ಲೋಹವನ್ನು ಕಣ್ಣಿಂದಲೂ ಕಾಣದ ಮೆಂಡಲೀವ್, ಮತ್ತೊಮ್ಮೆ ಅಳೆಯುವಂತೆ ಸೂಚಿಸಿದ. ಶುದ್ಧೀಕರಿಸಿ ಅಳೆದಾಗ 5.9 ಬಂತು. ಅಲ್ಲಿ ಗೆದ್ದದ್ದು ಹೆಸರಲ್ಲ, ಅಳತೆ.

ಇನ್ನೊಂದು ಆಕ್ಷೇಪ ವ್ಯಾವಹಾರಿಕವಾದದ್ದು. ಸಿಇಟಿಯ ರಸಾಯನಶಾಸ್ತ್ರ ಪತ್ರಿಕೆಯಲ್ಲಿ 60 ಪ್ರಶ್ನೆ, 80 ನಿಮಿಷ. ರ‍್ಯಾಂಕಿನ ಪೈಪೋಟಿಯಲ್ಲಿ ಚೆನ್ನಾಗಿ ಓದುವವರು ಗೆಳೆಯರಿಗೆ ವಿವರಿಸುತ್ತ ಕೂರಬೇಕೇ, ಶಾರ್ಟ್‌ಕಟ್ ಉರು ಹೊಡೆದರೆ ಸಾಲದೇ? ಬಾಣದ ಗುರುತು ನಿಯಮಕ್ಕೆ ಸಾಕು, ಅಪವಾದಕ್ಕೆ ಸಾಲದು. ಗ್ಯಾಲಿಯಂ ಅಲ್ಯೂಮಿನಿಯಂಗಿಂತ ಕೆಳಗಿದ್ದರೂ ಚಿಕ್ಕದು: 143 ಪೈಕೋಮೀಟರಿನೆದುರು 135. ನಡುವೆ ಬಂದ ಹತ್ತು ಡಿ ಎಲೆಕ್ಟ್ರಾನುಗಳು ಬೀಜಕೇಂದ್ರದ ಸೆಳೆತವನ್ನು ಸರಿಯಾಗಿ ಮರೆಮಾಡುವುದಿಲ್ಲ. ಸೆಕೆಂಡ್ ಪಿಯುಸಿಯಲ್ಲಿ ಜಿರ್ಕೋನಿಯಂ 160, ಹಾಫ್ನಿಯಂ 159 ಎಂದು ಓದುವಾಗ ಅದೇ ಕಾರಣ ಎಫ್ ಎಲೆಕ್ಟ್ರಾನುಗಳ ರೂಪದಲ್ಲಿ ಮರಳುತ್ತದೆ. ಒಮ್ಮೆ ವಿವರಿಸಿದವರಿಗೆ ಇದು ಹೊಸ ಬಾಯಿಪಾಠವಲ್ಲ. ಆದರೆ ವಿವರಿಸುವವರಿಗೂ ಒಂದು ಎಚ್ಚರಿಕೆಯಿದೆ. ಸಂಶೋಧಕರಾದ ರಾಡ್ ರಾಸ್ಕೋ ಮತ್ತು ಮಿಷೆಲೀನ್ ಚೀ 2007ರ ಸಮೀಕ್ಷೆಯಲ್ಲಿ ತೋರಿಸಿದಂತೆ, ಸಹಪಾಠಿಗೆ ಹೇಳಿಕೊಡುವವರು ಸಾಮಾನ್ಯವಾಗಿ ಗೊತ್ತಿದ್ದುದನ್ನು ಒಪ್ಪಿಸಿ ಸುಮ್ಮನಾಗುತ್ತಾರೆ. ಹೇಳುವವರು ಕಲಿಯುವುದು ಕೇಳುವವರು ಪ್ರಶ್ನೆ ಎತ್ತಿದಾಗ, ಹೇಳಿದ್ದನ್ನು ಮತ್ತೆ ಕಟ್ಟಬೇಕಾದಾಗ. ಹಿಂದೆ ಬಿದ್ದ ಗೆಳೆಯನ ‘ಯಾಕೆ?’ ಮುಂದಿರುವವನಿಗೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಎಲ್ಲ ಅಧ್ಯಾಯಕ್ಕೂ ಈ ಕ್ರಮ ಒಗ್ಗುವುದಿಲ್ಲ. ಸಾವಯವ ರಸಾಯನದ ಹೆಸರುಗಳನ್ನೋ ಸೂತ್ರಗಳನ್ನೋ ಒಬ್ಬರೇ ಬರೆದು ಅಭ್ಯಾಸ ಮಾಡುವುದೇ ಮೇಲು. ಆವರ್ತ ಪ್ರವೃತ್ತಿಗಳಿಗೆ ಮಾತ್ರ ಮೂರ್ನಾಲ್ಕು ಜನ ಸೇರಿ. ಧಾತುಗಳ ಜೋಡಿಯೊಂದನ್ನು ಆರಿಸಿ, ಯಾವುದು ದೊಡ್ಡದು, ಯಾಕೆ ಎಂದು ಪ್ರತಿಯೊಬ್ಬರೂ ಮೌನವಾಗಿ ಬರೆಯಿರಿ. ಆಮೇಲೆ ವಾದ ಮಾಡಿ, ಕೊನೆಗೆ ಪಟ್ಟಿ ತೆರೆಯಿರಿ. ಅಂಕಿ ಯಾರ ಕಾರಣವನ್ನೂ ಒಪ್ಪದಿದ್ದರೆ ಆ ಒಂದು ಪ್ರಶ್ನೆಯನ್ನಷ್ಟೇ ಮರುದಿನ ಉಪನ್ಯಾಸಕರ ಮುಂದಿಡಿ. ಹೆತ್ತವರಿಗೂ ಒಂದು ಮಾತು: ಕೋಣೆಯಿಂದ ಗಲಾಟೆ ಕೇಳಿಸಿತೆಂದು ಕೂಡಲೇ ಬಾಗಿಲು ಬಡಿಯಬೇಡಿ. ಗಲಾಟೆ ಆಕ್ಸಿಜನ್ನಿನ ಬಗ್ಗೆಯೋ ಕ್ರಿಕೆಟ್ಟಿನ ಬಗ್ಗೆಯೋ ಎಂದು ಮೊದಲು ಕೇಳಿಸಿಕೊಳ್ಳಿ.