ರಾಕ್ಷಸರ ಹೆಸರುಗಳೂ ನಮ್ಮ ಮಕ್ಕಳೂ

ಜಪಾನ ದೇಶದ ‘ಕಿಮೆತ್ಸು ನೊ ಯಾಯಿಬಾ’ ಎಂಬ ರಾಕ್ಷಸರ ಚಿತ್ರಕಥೆಯು 2016ರಲ್ಲಿ ಪ್ರಕಟವಾಗತೊಡಗಿ, 2019ರಲ್ಲಿ ಚಲಿಸುವ ಚಿತ್ರಮಾಲೆಯಾಯಿತು. ಅದರ ನಾಯಕನು ಕಾಮಾದೊ ತಾಂಜಿರೊ. ಮನೆತನದ ಹೆಸರಿನ ಮೊದಲಕ್ಷರಕ್ಕೆ ಒಲೆಯೆಂದೂ, ಸ್ವಂತ ಹೆಸರಿನ ಮೊದಲಕ್ಷರಕ್ಕೆ ಇದ್ದಲಿಯೆಂದೂ ಅರ್ಥವು. ಅವನು ಇದ್ದಲಿ ಮಾರುವವರ ಮಗನು. ಅಲ್ಲಿ ಹೆಸರು ಉದ್ಯೋಗವನ್ನು ತಿಳಿಸುವದು.

ನಮ್ಮ ಸೀಮೆಯ ದೊಡ್ಡಾಟಗಳಲ್ಲಿ ಕಾಣುವ ರಾಮಾಯಣದ ರಾಕ್ಷಸರ ಹೆಸರುಗಳಾದರೋ ಬಹುಮಟ್ಟಿಗೆ ಅಂಗಾಂಗಗಳನ್ನು ಹೇಳುವವು. ಶೂರ್ಪವೆಂದರೆ ಮೊರ, ನಖವೆಂದರೆ ಉಗುರು. ಮೊರದಂಥ ಉಗುರುಳ್ಳವಳು ಶೂರ್ಪನಖಿ. ಕೊಡದಂಥ ಕಿವಿಯುಳ್ಳವನು ಕುಂಭಕರ್ಣನು. ಮೇಘನಾದನು ಮಾತ್ರ ಇಂದ್ರನನ್ನು ಗೆದ್ದು ಇಂದ್ರಜಿತನೆಂಬ ಹೆಸರನ್ನು ಸಂಪಾದಿಸಿದನು. ವಿಭೀಷಣನೆಂದರೆ ಭಯಂಕರನು, ಆದರೂ ಲಂಕೆಯಲ್ಲಿ ರಾವಣನಿಗೆ ಧರ್ಮವನ್ನು ಹೇಳಿದವನು ಅವನೇ. ನಾಗಚಂದ್ರ ಕವಿಯ ಜೈನ ರಾಮಾಯಣದಲ್ಲಂತೂ ರಾಕ್ಷಸವೆಂಬದು ವಿದ್ಯಾಧರರ ಒಂದು ವಂಶದ ಹೆಸರು. ಆದ್ದರಿಂದ ಹೆಸರು ಗುಣಕ್ಕೆ ಸಾಕ್ಷಿಯಲ್ಲ.

ಇದನ್ನು ಇಷ್ಟು ವಿವರಿಸಲಿಕ್ಕೆ ಕಾರಣವುಂಟು. ದೊಡ್ಡ ದನಿಯ ಹುಡುಗಿಯನ್ನು ಶೂರ್ಪನಖಿಯೆಂದೂ, ನಿದ್ದೆಗಣ್ಣಿನವಳನ್ನು ಕುಂಭಕರ್ಣನೆಂದೂ ಗೆಳತಿಯರು ಕರೆಯುವರು. ಮನೆಯಲ್ಲಿ ಹಿರಿಯರೂ ವಿನೋದಕ್ಕಾಗಿ ಅನ್ನುವರು. ಅನ್ನಿಸಿಕೊಂಡ ಮಗುವಿಗೆ ಅದು ವಿನೋದವಲ್ಲ. ಅಂಥವಳು ಕ್ರಮೇಣ ವರ್ಗದಲ್ಲಿ ಎದ್ದುನಿಂತು ಉತ್ತರ ಹೇಳುವದನ್ನೇ ಬಿಡುವದನ್ನು ನಾವು ಕಂಡಿರುತ್ತೇವೆ. ಜಪಾನದ ಆ ಕಥೆಯಲ್ಲಿ ತಂಗಿ ನೆಝುಕೊ ರಾಕ್ಷಸಿಯಾಗಿ ಮಾರ್ಪಟ್ಟರೂ ಅಣ್ಣನು ಅವಳನ್ನು ಹೆಸರು ಹಿಡಿದೇ ಕರೆಯುವನು, ಕೈಬಿಡುವದಿಲ್ಲ. ಪಾಲಕರಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೇ: ನೀವು ಪ್ರೀತಿಯಿಂದ ಇಟ್ಟ ಹೆಸರಿನಿಂದಲೇ ನಿಮ್ಮ ಮಗಳನ್ನು ಕರೆಯಿರಿ.