ಬೆಳಕಿಗೆ ಮೈ ಬದಲಿಸುವ ಅಣು

ಒಂಬತ್ತು ತಿಂಗಳು ತುಂಬಿದ ಕೂಸಿಗೆ 1 ಮಿಲಿ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಮಿಲಿ. ಕುಂದಗೋಳ ತಾಲ್ಲೂಕಿನ ಯರಗುಪ್ಪಿಯೇ ಇರಲಿ, ನಾಡಿನ ಇನ್ನಾವ ಊರೇ ಇರಲಿ, ಮಕ್ಕಳಿಗೆ ಕುಡಿಸುವ ಎ ಜೀವಸತ್ವದ ಲೆಕ್ಕ ಇದು. ಮಕ್ಕಳ ಇರುಳುಗುರುಡು ತಡೆಯಲು ದೇಶದಲ್ಲಿ ಈ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಮೆಂತ್ಯೆ, ರಾಜಗಿರಿ, ನುಗ್ಗೆ ಸೊಪ್ಪಿನ ಪಲ್ಲೆ ಉಂಡರೂ ದೇಹ ಅದರಿಂದ ಇದೇ ಜೀವಸತ್ವವನ್ನು ಮಾಡಿಕೊಳ್ಳುತ್ತದೆ. ಅದು ಕಣ್ಣಿಗೆ ಹೋಗಿ ಏನು ಮಾಡುತ್ತದೆಂದು ಬಿಡಿಸಿ ನೋಡಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

1876ರಲ್ಲಿ ಫ್ರಾಂಜ್ ಬೋಲ್ ಕತ್ತಲಲ್ಲಿಟ್ಟಿದ್ದ ಕಪ್ಪೆಯ ಅಕ್ಷಿಪಟಲವನ್ನು ಹೊರತೆಗೆದಾಗ ಅದು ಕೆಂಪಗಿತ್ತು. ಬೆಳಕು ತಾಗಿದ್ದೇ ಬಣ್ಣ ಇಳಿಯುತ್ತಾ ಹೋಯಿತು. ಆ ಬಣ್ಣದ ಪ್ರೋಟೀನೇ ರೊಡಾಪ್ಸಿನ್. 1933ರಲ್ಲಿ ಜಾರ್ಜ್ ವಾಲ್ಡ್ ಅಕ್ಷಿಪಟಲದಲ್ಲಿ ಎ ಜೀವಸತ್ವ ಇರುವುದನ್ನು ಕಂಡುಹಿಡಿದರು. 1967ರಲ್ಲಿ ಅವರಿಗೆ ನೊಬೆಲ್ ಬಂತು.

ಕೌದಿ ಹೊಲಿಯುವಾಗ ದಾರ ಬಟ್ಟೆಯ ಮೇಲೆ ಕೆಳಗೆ ಹಾಯ್ದು ಬರುವಂತೆ ರೊಡಾಪ್ಸಿನ್ನಿನ ಎಳೆ ಜೀವಕೋಶದ ಪೊರೆಯನ್ನು ಏಳು ಸಲ ದಾಟುತ್ತದೆ. ಹಾಯುವ ಕಡೆಯಲ್ಲೆಲ್ಲ ಅದು ಸುರುಳಿ ಸುತ್ತಿಕೊಂಡಿರುತ್ತದೆ. ಏಳು ಸುರುಳಿಗಳ ನಡುವಿನ ಪೊಳ್ಳಿನಲ್ಲಿ ಎ ಜೀವಸತ್ವದಿಂದಾದ ರೆಟಿನಾಲ್ ಎಂಬ ಅಣು ಬಾಗಿಕೊಂಡು ಕೂತಿರುತ್ತದೆ. ಬೆಳಕಿನ ಒಂದೇ ಒಂದು ಕಣ ಬಿದ್ದರೂ ಸಾಕು, ಅದು ನೆಟ್ಟಗಾಗುತ್ತದೆ. ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗವೂ ಬೇಕಿಲ್ಲ. ಒಳಗಿನ ಅಣು ನೆಟ್ಟಗಾದರೆ ಸುತ್ತಲಿನ ಪ್ರೋಟೀನೂ ಆಕಾರ ಬದಲಿಸಲೇಬೇಕು. ನಾವು ಕಾಣುವುದು ಶುರುವಾಗುವುದು ಅಲ್ಲಿಂದ. ಜೀವಸತ್ವ ಸಾಲದಾದರೆ ಆ ಪೊಳ್ಳು ಖಾಲಿ ಉಳಿಯುತ್ತದೆ, ಮುಸ್ಸಂಜೆಗೇ ಮಗು ತಡವರಿಸುತ್ತದೆ.

ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರೂ ಕೊನೆಯ ವರ್ಷಗಳಲ್ಲಿ ದೃಷ್ಟಿಯ ವಿಚಾರವನ್ನೇ ಹಿಡಿದು ಕೂತಿದ್ದರು. 1968ರಲ್ಲಿ ಅದರ ಮೇಲೊಂದು ಪುಸ್ತಕ ತಂದರು. ಅವರ ವಿವರಣೆಯನ್ನು ಮುಂದಿನ ಸಂಶೋಧನೆ ಎತ್ತಿಹಿಡಿಯಲಿಲ್ಲ. ಆದರೆ ಎಂಬತ್ತರ ಹತ್ತಿರ ಬಂದ ವಿಜ್ಞಾನಿಯೊಬ್ಬರು ಈ ಪ್ರಶ್ನೆಯನ್ನು ಬಿಡದೆ ಕಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಮುಂದಿನ ಸುಳಿವು ಸಿಕ್ಕಿದ್ದು ಉಪ್ಪಿನಲ್ಲಿ. ನಮ್ಮ ಗೋಕರ್ಣದ ಬಳಿ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ಕಡಲ ನೀರು ಬತ್ತಿಸಿ ಉಪ್ಪು ತೆಗೆಯುತ್ತಾರಲ್ಲ, ಅಂಥ ಆಗರಗಳ ಗಾಢ ಉಪ್ಪುನೀರಿನಲ್ಲಿ ಬದುಕಬಲ್ಲ ಸೂಕ್ಷ್ಮಜೀವಿ ಹ್ಯಾಲೊಬ್ಯಾಕ್ಟೀರಿಯಂ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಾಲ್ಟರ್ ಸ್ಟೋಕೆನಿಯಸ್ ಅದರ ಪೊರೆಯಿಂದ ನೇರಳೆ ಬಣ್ಣದ ತುಣುಕುಗಳನ್ನು ಬೇರ್ಪಡಿಸಿದ್ದರು. ಅಲ್ಲಿಗೆ ಬಂದಿದ್ದ ಡೀಟರ್ ಓಸ್ಟರ್‌ಹೆಲ್ಟ್ ಅದಕ್ಕೆ ದ್ರಾವಕ ಹಾಕಿದರೆ ನೇರಳೆ ಹೋಗಿ ಹಳದಿಯಾಯಿತು. ಹಿಂದೆ ಕಪ್ಪೆಯ ಕಣ್ಣಿನ ಮೇಲೆ ದುಡಿದಿದ್ದ ಸಹೋದ್ಯೋಗಿ ಆಲನ್ ಬ್ಲಾರಾಕ್‌ಗೆ ಇದು ಕಂಡ ಬಣ್ಣವೇ ಅನ್ನಿಸಿತು. ಪರೀಕ್ಷಿಸಿದರೆ ಅಲ್ಲೂ ರೆಟಿನಾಲ್! ಕಣ್ಣೇ ಇಲ್ಲದ ಜೀವಿಗೆ ಅದೇಕೆ ಬೇಕಿತ್ತು? ಬೆಳಕಿನ ಬಲದಿಂದ ಪ್ರೋಟಾನ್‌ಗಳನ್ನು ಹೊರಕ್ಕೆ ದಬ್ಬಲು, ಆ ಒತ್ತಡದಿಂದ ಶಕ್ತಿ ಗಳಿಸಲು. ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಹೆಸರಿನಲ್ಲಿ ಈ ನೇರಳೆ ಪ್ರೋಟೀನಿನ ಶೋಧ ಪ್ರಕಟವಾದದ್ದು 1971ರಲ್ಲಿ.

ಅದೇ ಹೊತ್ತಿಗೆ ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ ಮದ್ರಾಸಿನಿಂದ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟುತ್ತಿದ್ದರು. ಪ್ರೋಟೀನಿನ ಎಳೆ ಎಲ್ಲಿ ಯಾವ ಕೋನಕ್ಕೆ ತಿರುಗಬಹುದು, ಯಾವ ಕೋನದಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಅವರು ಶಶಿಶೇಖರನ್, ರಾಮಕೃಷ್ಣನ್ ಜೊತೆ 1963ರಲ್ಲೇ ಲೆಕ್ಕ ಹಾಕಿ ನಕ್ಷೆ ಬರೆದಿದ್ದರು. ಇಂದಿಗೂ ಪ್ರೋಟೀನಿನ ಹೊಸ ರಚನೆಯೊಂದನ್ನು ಬಿಡಿಸಿದವರು ಅದನ್ನು ರಾಮಚಂದ್ರನ್ ನಕ್ಷೆಗೆ ಒಡ್ಡಿ ನೋಡುತ್ತಾರೆ.

ನೇರಳೆ ಪೊರೆಯ ಚಿತ್ರ ತೆಗೆಯುವುದೇನು ಸಲೀಸಾಗಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನಿರ್ವಾತದಲ್ಲಿ ಪೊರೆ ಒಣಗುತ್ತದೆ, ಕಿರಣಕ್ಕೆ ಸುಟ್ಟೂ ಹೋಗುತ್ತದೆ. ಕೇಂಬ್ರಿಜ್‌ನ ರಿಚರ್ಡ್ ಹೆಂಡರ್ಸನ್ ಮತ್ತು ನೈಜೆಲ್ ಅನ್ವಿನ್ ನೀರಿನ ಬದಲಿಗೆ ಗ್ಲೂಕೋಸ್ ಲೇಪಿಸಿ, ಕಿರಣವನ್ನು ತೀರಾ ತಗ್ಗಿಸಿ, ಸಾವಿರಾರು ಅಣುಗಳ ಮಸುಕು ಚಿತ್ರಗಳನ್ನು ಒಟ್ಟುಗೂಡಿಸಿ 1975ರಲ್ಲಿ ಆ ಏಳು ಸುರುಳಿಗಳನ್ನು ತೋರಿಸಿದರು. ಹೆಂಡರ್ಸನ್‌ಗೆ ನೊಬೆಲ್ ಬಂದದ್ದು 2017ರಲ್ಲಿ. ಹಸುವಿನ ಕಣ್ಣಿನ ರೊಡಾಪ್ಸಿನ್ನಿನ ರಚನೆ 2000ದಲ್ಲಿ ಸಿಕ್ಕಿತು.

ಹಸಿರು ಪಾಚಿಯೊಂದರಲ್ಲಿ ರೆಟಿನಾಲನ್ನೇ ಒಳಗಿಟ್ಟುಕೊಂಡು ಬೆಳಕಿಗೆ ಬಾಗಿಲು ತೆರೆದು ವಿದ್ಯುತ್ ಕಣಗಳನ್ನು ಒಳಬಿಡುವ ಪ್ರೋಟೀನನ್ನು ಹೆಗೆಮಾನ್, ನಾಗೆಲ್, ಬಾಂಬರ್ಗ್ 2002-03ರಲ್ಲಿ ಗುರುತಿಸಿದರು. ಅದರ ಜೀನನ್ನು ನರಕೋಶಕ್ಕೆ ಸೇರಿಸಿದರೆ ನೀಲಿ ಬೆಳಕಿನಿಂದ ಆ ಕೋಶವನ್ನು ಚಾಲೂ ಮಾಡಬಹುದೆಂದು 2005ರಲ್ಲಿ ಗೊತ್ತಾಯಿತು. ರೆಟಿನಾಲ್ ಹೊರಗಿನಿಂದ ಕೊಡಬೇಕಾಗಿಯೇ ಬರಲಿಲ್ಲ, ಸಸ್ತನಿಗಳ ಮೆದುಳಿನಲ್ಲಿ ಸಾಕಷ್ಟು ಇತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಉಪಿಂದರ್ ಭಲ್ಲಾ ಅವರ ತಂಡ ಇಲಿಯ ಮೆದುಳಿನ ತೆಳು ಹೋಳಿನ ಮೇಲೆ ಬೆಳಕಿನ ಚುಕ್ಕಿಗಳನ್ನು ಬೀಳಿಸಿ, ಯಾವ ಗುಂಪಿನ ಕೋಶಗಳನ್ನು ಕೆಣಕಿದರೂ ಉತ್ತೇಜಿಸುವ ಸಂಕೇತ ಏರಿದಂತೆ ತಡೆಯುವ ಸಂಕೇತವೂ ಅದಕ್ಕೆ ತಕ್ಕಂತೆ ಏರುವುದನ್ನು 2019ರಲ್ಲಿ ತೋರಿಸಿತು.

2021ರಲ್ಲಿ ವೈದ್ಯರು ಇದೇ ಬಗೆಯ ಪ್ರೋಟೀನಿನ ಜೀನನ್ನು ಅಕ್ಷಿಪಟಲ ಸವೆದು ದೃಷ್ಟಿ ಕಳೆದುಕೊಂಡಿದ್ದ 58 ವರ್ಷದವರೊಬ್ಬರ ಒಂದು ಕಣ್ಣಿಗೆ ಸೇರಿಸಿದ ಫಲವನ್ನು ವರದಿ ಮಾಡಿದರು. ವಿಶೇಷ ಕನ್ನಡಕ ಹಾಕಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ ಮೇಜಿನ ಮೇಲಿನ ನೋಟ್‌ಬುಕ್ ಎಲ್ಲಿದೆಯೆಂದು ಅವರು ಕೈಚಾಚಿ ತೋರಿಸಿದರು. ಮುಖ ಗುರುತಿಸುವಷ್ಟು, ಓದುವಷ್ಟು ದೃಷ್ಟಿ ಅದಲ್ಲ.