ಕೊಟ್ಟಿಗೆ ನೆಲಕ್ಕೆ ಕಾಂಕ್ರೀಟ್: ಕಂಬಿ ಮಣ್ಣಿಗೆ ತಾಗದಿರಲಿ
ಕೊಟ್ಟಿಗೆ ನೆಲಕ್ಕೆ ಕಂಬಿ ಹಾಕಿಸ್ತಿದ್ದೀರಾ? ಕಂಬಿಯನ್ನು ಮಣ್ಣಿನ ಮೇಲೇ ಹಾಸಿ, ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಿಂದ ಎತ್ತಿದರಾಯ್ತು ಅಂತ ಮೇಸ್ತ್ರಿ ಹೇಳಿದರೆ ನಾನಂತೂ ಒಪ್ಪೋದಿಲ್ಲ. ಎತ್ತಿದ ಕಂಬಿ ಆಳುಗಳು ತುಳಿದಾಗ ಮತ್ತೆ ಕೆಳಗೇ ಕೂರುತ್ತದೆ. ಮಣ್ಣಿನ ತೇವಕ್ಕೆ ತುಕ್ಕು ಹಿಡಿಯುತ್ತದೆ, ಬಿರುಕನ್ನೂ ತಡೆಯೋದಿಲ್ಲ. ಕಂಬಿಗೆ ಹಾಕಿದ ದುಡ್ಡು ಮಣ್ಣುಪಾಲು.

4 ಇಂಚು ದಪ್ಪದ ನೆಲಕ್ಕೆ 2 ಇಂಚಿನ ಸಿಮೆಂಟ್ ಕವರ್ ಬ್ಲಾಕ್ ಸಾಕು. ನಾನು ಎರಡೂ ದಿಕ್ಕಿಗೆ ಸುಮಾರು 3 ಅಡಿಗೊಂದು ಇಡಿಸಿ, ಬೈಂಡಿಂಗ್ ವೈರ್‌ನಿಂದ ಕಂಬಿಗೆ ಕಟ್ಟಿಸುತ್ತೇನೆ. ತೆಳು ಕಂಬಿಯಾದರೆ 2 ಅಡಿಗೊಂದು. ಇಟ್ಟಿಗೆ ಚೂರು ಬೇಡ. ಅದು ನೀರು ಹೀರಿ ಕಂಬಿಗೆ ಮುಟ್ಟಿಸುತ್ತದೆ.

ಸುರಿಯುವ ಮುಂಚೆ ಕಂಬಿ ಮೇಲೆ ನಡೆದು ನೋಡಿ. ಬಗ್ಗಿ ನೆಲ ಮುಟ್ಟಿದ ಕಡೆ ಇನ್ನೊಂದು ಬ್ಲಾಕ್ ಇಡಿಸಿ. ಮೊಬೈಲಲ್ಲಿ ಒಂದು ಫೋಟೋನೂ ತೆಗೆದಿಟ್ಟುಕೊಳ್ಳಿ. ಕಾಂಕ್ರೀಟ್ ಬಿದ್ದ ಮೇಲೆ ಕಂಬಿ ಎಲ್ಲಿದೆ ಅಂತ ಯಾರಿಗೂ ಕಾಣೋದಿಲ್ಲ.